ಕೆಳಗೆ ಅಂಗಡಿ, ಮೇಲೆ ಮನೆ: ಮೂಲೆ ಕಟ್ಟಡದ ಇತಿಹಾಸ ಹುಡುಕೋದು ಹೇಗೆ?

ಮೂಲೆಗಲ್ಲು:
ಎಲ್ಲರಿಗೂ ನಮಸ್ಕಾರ. ಎರಡು ರಸ್ತೆ ಕೂಡುವ ಜಾಗದಲ್ಲಿರುವ ಒಂದು ಹಳೇ ಕಟ್ಟಡದ ಇತಿಹಾಸ ಬರೆಯಲು ಹೊರಟಿದ್ದೇನೆ. ಕೆಳಗೆ ಅಂಗಡಿಗಳು, ಮೇಲೆ ಎರಡು ಮಹಡಿ ಮನೆಗಳು. ಮೂಲೆಯನ್ನು ಚೂಪಾಗಿ ಬಿಡದೆ ಓರೆಯಾಗಿ ಕತ್ತರಿಸಿ, ಅಲ್ಲೇ ಮುಖ್ಯ ಅಂಗಡಿಯ ಬಾಗಿಲು ಇಟ್ಟಿದ್ದಾರೆ. ಅಂಗಡಿಗಳ ಪಟ್ಟಿ ಬಹುತೇಕ ಸಿಕ್ಕಿದೆ. ಯಾವುದು ಹೋಯಿತು, ಯಾವುದು ಬಂತು ಅನ್ನೋದನ್ನು ಹಳೇ ಜಾಹೀರಾತು, ಫೋಟೋ ನೋಡಿ ಜೋಡಿಸಿದ್ದೇನೆ. ಆದರೆ ಕಟ್ಟಿಸಿದ್ದು ಯಾರು, ಯಾವಾಗ, ಮೇಲೆ ಯಾರು ವಾಸವಿದ್ದರು ಅನ್ನೋದು ಸಿಗುತ್ತಿಲ್ಲ. ಇದು ಬರೀ ಬೋರ್ಡುಗಳ ಪಟ್ಟಿಯಾಗಿ ಮುಗಿಯಬಾರದು ಅಂತ ಆಸೆ. ಇಂಥ ಕಟ್ಟಡಗಳ ಬಗ್ಗೆ ತಿಳಿದವರು ದಯವಿಟ್ಟು ದಾರಿ ತೋರಿಸಿ.

ಹಳೇನಕ್ಷೆ:
ಒಳ್ಳೇ ಕೆಲಸ ಕೈಗೆತ್ತಿಕೊಂಡಿದ್ದೀರಿ. ಮೊದಲು ಒಂದು ಪ್ರಶ್ನೆ. ದಾಖಲೆಗಳಲ್ಲಿ ಎರಡೂ ರಸ್ತೆಯ ಹೆಸರಿನಲ್ಲಿ ಹುಡುಕಿದ್ದೀರಾ?

ಮೂಲೆ ಕಟ್ಟಡಕ್ಕೆ ಎರಡು ಮುಖ, ಹಾಗಾಗಿ ಎರಡು ವಿಳಾಸ. ಅಂಗಡಿಗಳು ದೊಡ್ಡ ರಸ್ತೆಯ ವಿಳಾಸ ಹಾಕಿಕೊಳ್ಳುತ್ತವೆ, ಗಿರಾಕಿಗಳಿಗೆ ಗೊತ್ತಿರೋದು ಅದೇ. ಮೇಲಿನ ಮನೆಗಳ ಬಾಗಿಲು ಬಹಳ ಸಲ ಪಕ್ಕದ ಚಿಕ್ಕ ರಸ್ತೆಗೆ ತೆರೆದುಕೊಳ್ಳುತ್ತದೆ. ದೊಡ್ಡ ರಸ್ತೆಯ ಒಂದೊಂದು ಅಡಿಯೂ ಬಾಡಿಗೆ ತರುವ ಜಾಗ. ಅದನ್ನು ಮೆಟ್ಟಿಲಿಗೆ ಬಿಟ್ಟುಕೊಡಲು ಮಾಲೀಕರಿಗೆ ಮನಸ್ಸು ಬರಲ್ಲ. ಹೀಗಾಗಿ ಅಂಗಡಿಯವರ ಹೆಸರು ಒಂದು ಬೀದಿಯ ಪುಟದಲ್ಲಿ, ಮನೆಯವರ ಹೆಸರು ಇನ್ನೊಂದು ಬೀದಿಯ ಪುಟದಲ್ಲಿ ಕೂತಿರುತ್ತದೆ. ಎರಡೂ ಒಂದೇ ಕಟ್ಟಡದ್ದು ಅಂತ ಯಾವ ಪುಟವೂ ಹೇಳಲ್ಲ. ನಾವೇ ಜೋಡಿಸಬೇಕು.

ಬ್ರಿಟನ್, ಅಮೆರಿಕದ ಊರುಗಳ ಹಳೇ ನಗರ ಡೈರೆಕ್ಟರಿಗಳಲ್ಲಿ, ಅಂದರೆ ಯಾರ ಮನೆ, ಅಂಗಡಿ ಎಲ್ಲಿದೆ ಅಂತ ಅಚ್ಚು ಹಾಕಿದ ಪಟ್ಟಿಗಳಲ್ಲಿ, ಇದಕ್ಕೊಂದು ಒಳ್ಳೇ ಗುರುತಿದೆ. ಬೀದಿವಾರು ಭಾಗದಲ್ಲಿ ಮನೆ ನಂಬರ್ ಪ್ರಕಾರ ಹೆಸರುಗಳು ಬರುತ್ತಾ ಹೋಗುತ್ತವೆ. ಮಧ್ಯೆ ‘ಇಲ್ಲಿ ಇಂಥ ರಸ್ತೆ ಸೇರುತ್ತದೆ’ ಅಂತ ಒಂದು ಸಾಲು ಇರುತ್ತದೆ. ಆ ಸಾಲಿನ ಹಿಂದೆ ಮುಂದೆ ಇರುವ ನಂಬರುಗಳೇ ಮೂಲೆ ಕಟ್ಟಡಗಳು. ಇದು ಯಾಕೆ ಮುಖ್ಯ ಅಂದರೆ, ನಂಬರನ್ನು ನಂಬಿ ಕೂರುವ ಹಾಗಿಲ್ಲ. ಶಿಕಾಗೋ ನಗರ 1909ರಲ್ಲಿ ತನ್ನ ಬಹುಪಾಲು ಮನೆ ನಂಬರುಗಳನ್ನೇ ಬದಲಿಸಿತು. ಅದಕ್ಕಿಂತ ಹಿಂದಿನ ದಾಖಲೆಯನ್ನು ಈಗಿನ ನಂಬರ್ ಹಿಡಿದು ಹುಡುಕಿದರೆ ಬೇರೆ ಯಾರದೋ ಮನೆಗೆ ಹೋಗಿ ನಿಲ್ಲುತ್ತೀರಿ. ಎಲ್ಲ ಮಧ್ಯದ ಕಟ್ಟಡಗಳಿಗೂ ಈ ತೊಂದರೆ ಇದೆ. ಮೂಲೆ ಕಟ್ಟಡಕ್ಕೆ ಮಾತ್ರ ರಸ್ತೆ ಸೇರುವ ಜಾಗ ಅನ್ನೋ ಗಟ್ಟಿ ಗುರುತು ಇದೆ. ಅದನ್ನು ಬಳಸಿಕೊಳ್ಳಿ.

ಹಳೇನಕ್ಷೆ:
ಮರೆಯುವ ಮುಂಚೆ ಇನ್ನೊಂದು. ವಿಮೆ ಕಂಪನಿಗಳಿಗಾಗಿ ತಯಾರಿಸಿದ ಬೆಂಕಿ ವಿಮೆ ನಕ್ಷೆಗಳು ಸಿಗುವ ಊರಾದರೆ ಅದೇ ಚಿನ್ನ. ಅಮೆರಿಕದಲ್ಲಿ ಸ್ಯಾನ್‌ಬಾರ್ನ್ ಕಂಪನಿ 1867ರಲ್ಲಿ ಈ ಕೆಲಸ ಶುರು ಮಾಡಿತು. ಬ್ರಿಟನ್, ಕೆನಡಾದಲ್ಲಿ ಗೋಡ್ ಕಂಪನಿಯ ನಕ್ಷೆಗಳಿವೆ. ಸ್ಯಾನ್‌ಬಾರ್ನ್ ನಕ್ಷೆ ಸಾಮಾನ್ಯವಾಗಿ 50 ಅಡಿಗೆ 1 ಇಂಚು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ, ಕಲ್ಲಿನದ್ದಕ್ಕೆ ನೀಲಿ. ಅಂಗಡಿಗೆ ‘ಎಸ್’, ವಾಸದ ಮನೆಗೆ ‘ಡಿ’, ಫ್ಲ್ಯಾಟಿಗೆ ‘ಎಫ್’ ಅಂತ ಗುರುತು. ಮಹಡಿ ಎಷ್ಟು ಅನ್ನೋದೂ ಬರೆದಿರುತ್ತದೆ.

ನನಗೆ ತುಂಬಾ ಇಷ್ಟವಾಗೋದು ಅದರ ಅಂಟಿಸಿದ ಚೀಟಿಗಳು. ಕಟ್ಟಡ ಬದಲಾದರೆ ಇಡೀ ಹಾಳೆಯನ್ನು ಮತ್ತೆ ಅಚ್ಚು ಹಾಕುತ್ತಿರಲಿಲ್ಲ. ಆ ಜಾಗಕ್ಕೆ ಸರಿಯಾಗಿ ಒಂದು ಚೂರು ಕಾಗದ ಕತ್ತರಿಸಿ ಮೇಲೆ ಅಂಟಿಸುತ್ತಿದ್ದರು. ಮೂಲ ಹಾಳೆಯನ್ನು ಓರೆ ಬೆಳಕಿನಲ್ಲಿ ನೋಡಿದರೆ ಚೀಟಿಯ ಅಂಚು ಎದ್ದು ಕಾಣುತ್ತದೆ. ಹಳದಿ ಕಟ್ಟಡದ ಮೇಲೆ ಗುಲಾಬಿ ಚೀಟಿ ಇದ್ದರೆ, ಮರದ ಅಂಗಡಿ ಹೋಗಿ ಇಟ್ಟಿಗೆ ಕಟ್ಟಡ ಬಂತು ಅಂತ ಅರ್ಥ.

ಮಹಡಿಮೆಟ್ಟಿಲು:
ಹಳೇನಕ್ಷೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾಗದ ಬಿಟ್ಟು ಕಟ್ಟಡದ ಬಗ್ಗೆ ಹೇಳುತ್ತೇನೆ. ಮೂಲೆಗಲ್ಲು ಅವರೇ, ಮೊದಲು ಮೆಟ್ಟಿಲು ಹುಡುಕಿ. ಅಂಗಡಿಯ ಒಳಗಿಂದ ಮೇಲೆ ಹೋಗುವ ಮೆಟ್ಟಿಲಿದ್ದರೆ, ಅಂಗಡಿ ನಡೆಸುವವರೇ ಮೇಲೆ ವಾಸವಿದ್ದರು ಅನ್ನೋ ಅಂದಾಜು ಗಟ್ಟಿ. ಬೀದಿಯಿಂದಲೇ ಬೇರೆ ಬಾಗಿಲು, ಬೇರೆ ಮೆಟ್ಟಿಲಿದ್ದರೆ, ಮೇಲಿನ ಮನೆಗಳನ್ನು ಬೇರೆಯವರಿಗೆ ಬಾಡಿಗೆ ಕೊಡುವ ಲೆಕ್ಕದಲ್ಲೇ ಕಟ್ಟಿದ್ದಾರೆ. ಕಟ್ಟಿಸಿದವರ ಮನಸ್ಸಿನಲ್ಲಿ ಏನಿತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಕಮ್ಮಿ.

ಇದು ಇವತ್ತಿನ ವಿಷಯ ಅಲ್ಲ. ರೋಮ್ ನಗರದ ಬಂದರಾಗಿದ್ದ ಓಸ್ಟಿಯಾದಲ್ಲಿ 2ನೇ ಶತಮಾನದ ಇಟ್ಟಿಗೆ ಕಟ್ಟಡಗಳು ಈಗಲೂ ನಿಂತಿವೆ. ಕೆಳಗೆ ಸಾಲಾಗಿ ಅಂಗಡಿ, ಅಂಗಡಿಗಳ ನಡುವೆ ಬೀದಿಯಿಂದ ನೇರ ಮೇಲೆ ಹೋಗುವ ಮೆಟ್ಟಿಲು, ಮೇಲೆ ಬಾಡಿಗೆ ಮನೆಗಳು. ಅಂಗಡಿಗಳ ಹೊಸ್ತಿಲು ನೋಡಬೇಕು ನೀವು. ಕಲ್ಲಿನ ಹೊಸ್ತಿಲ ಉದ್ದಕ್ಕೂ ಒಂದು ಗೀರು ಕೊರೆದಿದೆ. ಅಂಗಡಿ ಮುಚ್ಚುವಾಗ ಮರದ ಹಲಗೆಗಳನ್ನು ಒಂದರ ಪಕ್ಕ ಒಂದು ಆ ಗೀರಿನಲ್ಲಿ ನಿಲ್ಲಿಸುತ್ತಿದ್ದರು. ಒಂದು ತುದಿಯಲ್ಲಿ ಗೀರು ನಿಂತು, ಬಾಗಿಲ ಕೀಲು ತಿರುಗುವ ಕುಳಿ ಇರುತ್ತದೆ. ಹಲಗೆ ಹಾಕಿದ ಮೇಲೂ ಒಬ್ಬರು ಓಡಾಡಲು ಅಷ್ಟು ಜಾಗ. ಮನೆ ಬಾಗಿಲ ಹೊಸ್ತಿಲಿಗೆ ಈ ಉದ್ದ ಗೀರು ಇರಲ್ಲ. ಮೇಲಿನ ಗೋಡೆ ಬಿದ್ದುಹೋದರೂ, ಇದು ಅಂಗಡಿ, ಇದು ಮನೆಗೆ ಹೋಗುವ ದಾರಿ ಅಂತ ಹೊಸ್ತಿಲು ನೋಡಿಯೇ ಹೇಳಬಹುದು.

ಇಟಲಿಯ ಇನ್ನೊಂದು ಹಳೇ ರೋಮನ್ ಊರು ಪೊಂಪೇಯಲ್ಲಿ ಇನ್ನೂ ಚೆನ್ನಾಗಿರುವ ಸಾಕ್ಷಿ ಸಿಕ್ಕಿದೆ, ಗೋಡೆ ಮೇಲೆ ಬರೆದ ಬಾಡಿಗೆ ಜಾಹೀರಾತು. ಗ್ನೇಯಸ್ ಅಲ್ಲೇಯಸ್ ನಿಗಿಡಿಯಸ್ ಮೈಯಸ್ ಅನ್ನುವ ಮಾಲೀಕನ ಕಟ್ಟಡದಲ್ಲಿ ಜುಲೈ 1ರಿಂದ ಅಟ್ಟ ಸಮೇತ ಅಂಗಡಿಗಳು, ಮೇಲಿನ ಮನೆಗಳು, ದೊಡ್ಡ ಮನೆ ಬಾಡಿಗೆಗಿವೆ, ಬೇಕಾದವರು ಅವನ ಗುಲಾಮ ಪ್ರಿಮಸ್‌ನನ್ನು ಕಾಣಬೇಕು ಅಂತ ಅದರಲ್ಲಿದೆ. ಕ್ರಿ.ಶ. 79ರಲ್ಲಿ ಊರು ಜ್ವಾಲಾಮುಖಿಯ ಬೂದಿಯಡಿ ಮುಚ್ಚಿಹೋಗುವ ಮುಂಚಿನದು. ಮಾಲೀಕ, ಬಾಡಿಗೆ ವಸೂಲಿಗೆ ಒಬ್ಬ, ಕೆಳಗೆ ಅಂಗಡಿ, ಮೇಲೆ ಮನೆ. ಇಡೀ ವ್ಯವಸ್ಥೆ ಆಗಲೇ ಇತ್ತು.

ಹೊಸಓದುಗ:
ಓದ್ತಾ ಇದ್ರೆ ಖುಷಿ ಆಗ್ತಿದೆ. ಒಂದು ಅನುಮಾನ. ಅಂಗಡಿ ಮೇಲೆ ಮನೆ ಅನ್ನೋದು ಬೀದಿಯ ಮಧ್ಯದ ಕಟ್ಟಡದಲ್ಲೂ ಇರುತ್ತೆ ಅಲ್ವಾ? ಮೂಲೆ ಅಂತ ಬೇರೆ ಮಾಡಿ ನೋಡುವಂಥದ್ದು ಏನಿದೆ?

ಕಂಬತೊಲೆ:
ಬಹಳ ಇದೆ. ಕಟ್ಟುವವರ ಕಡೆಯಿಂದ ಹೇಳ್ತೀನಿ.

ಬೀದಿ ಮಧ್ಯದ ಕಟ್ಟಡಕ್ಕೆ ಎರಡೂ ಪಕ್ಕ ಗೋಡೆ ಗಟ್ಟಿ ಇರುತ್ತದೆ. ಮುಂದಿನ ಗೋಡೆಯನ್ನು ಮಾತ್ರ ಒಡೆದು ಅಂಗಡಿಗೆ ತೆರೆದರೆ ಸಾಕು. ಮೂಲೆಯಲ್ಲಿ ಎರಡು ಕಡೆಯೂ ಗಾಜಿನ ಕಿಟಕಿ ಬೇಕು. ಆಗ ಮೇಲಿನ ಮಹಡಿಗಳ ಭಾರ ಹೊರುವ ಗೋಡೆಯೇ ಕೆಳಗೆ ಇಲ್ಲದ ಹಾಗಾಗುತ್ತದೆ. ಎರಡು ದಿಕ್ಕಿನಿಂದ ಬರುವ ತೊಲೆಗಳು ಸರಿಯಾಗಿ ಮೂಲೆಯಲ್ಲಿ ಸೇರುತ್ತವೆ, ಅಲ್ಲಿ ಒಂದೇ ಒಂದು ಕಂಬ. ಮೊದಮೊದಲು ದಪ್ಪ ಮರದ ತೊಲೆ, ಆಮೇಲೆ ಬೀಡುಕಬ್ಬಿಣದ ಕಂಬ, ಆಮೇಲೆ ಉಕ್ಕಿನ ತೊಲೆ. ನಿಮ್ಮ ಕಟ್ಟಡದ ಓರೆ ಬಾಗಿಲ ಬಳಿ ಅಂಥ ಕಬ್ಬಿಣದ ಕಂಬ ಇದೆಯಾ ನೋಡಿ. ಇದ್ದರೆ ಬುಡದ ಬಣ್ಣ ಸ್ವಲ್ಪ ಉಜ್ಜಿ ನೋಡಿ. ಎರಕ ಹೊಯ್ದ ಕಾರ್ಖಾನೆಯ ಹೆಸರು ಎಷ್ಟೋ ಕಂಬಗಳ ಬುಡದಲ್ಲಿ ಉಬ್ಬು ಅಕ್ಷರದಲ್ಲಿರುತ್ತದೆ. ಆ ಕಾರ್ಖಾನೆ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಅಂತ ಸಿಕ್ಕರೆ ಕಂಬದ ಕಾಲದ ಎರಡು ಗಡಿಯೂ ಸಿಕ್ಕ ಹಾಗೆ.

ಗಾಜು ಕೂಡ ಕಾಲ ಹೇಳುತ್ತದೆ. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ ಹೋಯಿತು, ಕಿಟಕಿ ತೆರಿಗೆ 1851ರಲ್ಲಿ ಹೋಯಿತು. ಅದಾದ ಮೇಲೆ ಚಿಕ್ಕ ಚಿಕ್ಕ ಚೌಕದ ಅಂಗಡಿ ಕಿಟಕಿಗಳ ಜಾಗಕ್ಕೆ ದೊಡ್ಡ ಹಾಳೆ ಗಾಜು ಬರುತ್ತಾ ಹೋಯಿತು. ಎರಡು ಬೀದಿಗೆ ಕಾಣುವ ಮೂಲೆ ಅಂಗಡಿಗೆ ಇದರಿಂದ ಆದ ಲಾಭ ಬೇರೆ ಯಾರಿಗೂ ಆಗಲಿಲ್ಲ.

ಇನ್ನು ಕಾನೂನು. ನ್ಯೂಯಾರ್ಕಿನ 1901ರ ಬಾಡಿಗೆ ಮನೆ ಕಾಯ್ದೆ ಪ್ರಕಾರ ಬೀದಿ ಮಧ್ಯದ ನಿವೇಶನದಲ್ಲಿ ಕಟ್ಟಡ ಶೇ. 70ಕ್ಕಿಂತ ಜಾಸ್ತಿ ಜಾಗ ತೆಗೆದುಕೊಳ್ಳುವ ಹಾಗಿರಲಿಲ್ಲ. ಮೂಲೆ ನಿವೇಶನಕ್ಕೆ ಶೇ. 90ರವರೆಗೆ ಬಿಟ್ಟಿದ್ದರು. ಎರಡು ರಸ್ತೆಯಿಂದ ಗಾಳಿ ಬೆಳಕು ಬರುತ್ತದೆ, ಹಿಂದೆ ಅಷ್ಟು ಜಾಗ ಬಿಡಬೇಕಾಗಿಲ್ಲ. ಅದೇ ಅಳತೆಯ ನಿವೇಶನದಲ್ಲಿ ಜಾಸ್ತಿ ಮನೆ, ಜಾಸ್ತಿ ಬಾಡಿಗೆ. ಬೇರೆ ಊರಿನ ಕಟ್ಟಡವಾದರೂ ಆ ಕಾಲದ ಕಟ್ಟಡ ನಿಯಮ ತೆಗೆಸಿ ಓದಿ. ಕಟ್ಟಡ ಹೀಗೇ ಯಾಕಿದೆ ಅನ್ನೋದಕ್ಕೆ ಉತ್ತರ ಅಲ್ಲಿ ಸಿಗುತ್ತದೆ.

ಹೊಸಓದುಗ:
ಧನ್ಯವಾದ ಸರ್, ಚೆನ್ನಾಗಿ ಅರ್ಥ ಆಯ್ತು. ಮೂಲೆಯನ್ನು ಓರೆಯಾಗಿ ಕತ್ತರಿಸೋದು ಅಂಗಡಿ ಬಾಗಿಲಿಗಾಗಿಯೇನಾ?

ಹಳೇನಕ್ಷೆ:
ಯಾವಾಗಲೂ ಅಲ್ಲ. ಬಾರ್ಸಿಲೋನಾದ ಐಷಾಂಪ್ಲ ಬಡಾವಣೆ ನೋಡಿ. ಇಲ್ಡೆಫೊನ್ಸ್ ಸೆರ್ದಾ ಅವರ ನಕ್ಷೆಗೆ 1859ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದೊಂದು ಕಟ್ಟಡ ಸಮೂಹದ ಬದಿ ಸುಮಾರು 113 ಮೀಟರ್, ಸಾಮಾನ್ಯ ರಸ್ತೆ 20 ಮೀಟರ್ ಅಗಲ, ಎಲ್ಲ ಮೂಲೆಗಳೂ 45 ಡಿಗ್ರಿ ಓರೆ. ಬಂಡಿಗಳು ತಿರುಗಲು ಜಾಗ ಬೇಕು, ಎದುರಿನಿಂದ ಬರುವವರು ಕಾಣಬೇಕು ಅನ್ನೋದು ಅವರ ಲೆಕ್ಕ. ಉಗಿಬಂಡಿಗಳು ಬೀದಿಗೆ ಬರುತ್ತವೆ ಅಂತಲೂ ಎಣಿಸಿದ್ದರು. ಹಾಗೆ ನಾಲ್ಕು ಓರೆ ಸೇರಿದ ಕಡೆ ಚಿಕ್ಕ ಚೌಕವೇ ಆಯಿತು, ಅಂಗಡಿಗಳಿಗೆ ಅದೇ ಒಳ್ಳೇ ಜಾಗವಾಯಿತು.

ಹಾಗಾಗಿ ಮೂಲೆಗಲ್ಲು ಅವರು ಗಮನಿಸಬೇಕಾದ್ದು ಇದು. ಓರೆ ನೆಲದಿಂದ ಸೂರಿನವರೆಗೂ ಇದೆಯಾ, ಅಥವಾ ಕೆಳಗಿನ ಮಹಡಿಯಲ್ಲಿ ಮಾತ್ರ ಇದ್ದು ಮೇಲೆ ಮೂಲೆ ಚೂಪಾಗಿ ಮುಂದೆ ಬಂದಿದೆಯಾ? ಪೂರ್ತಿ ಇದ್ದರೆ ರಸ್ತೆ ನಿಯಮ ಇರಬಹುದು. ಕೆಳಗೆ ಮಾತ್ರ ಇದ್ದರೆ ಅಂಗಡಿಗಾಗಿ ಮಾಡಿದ್ದು ಇರಬಹುದು, ಎಷ್ಟೋ ಸಲ ಆಮೇಲೆ ಕತ್ತರಿಸಿದ್ದು.

ಅಂಗಡಿಬೀದಿ:
ಎಲ್ಲರೂ ಒಳ್ಳೇ ವಿಷಯ ಹೇಳಿದ್ದೀರಿ. ಆದರೂ ನನ್ನ ಮಾತು ಸ್ವಲ್ಪ ಬೇರೆ. ಮೂಲೆ ಕಟ್ಟಡವನ್ನು ಊರು ನೆನಪಿಟ್ಟುಕೊಳ್ಳೋದು ಅಂಗಡಿಯ ಹೆಸರಿನಿಂದ. ದಾರಿ ಹೇಳುವಾಗ ಜನ ಹೇಳೋದು ಆ ಹೆಸರನ್ನೇ. ಮಹಡಿಯಲ್ಲಿ ಯಾರಿದ್ದರು ಅನ್ನೋದು ಆ ಕುಟುಂಬಗಳಿಗೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ಮೂಲೆಗಲ್ಲು ಅವರ ಹತ್ತಿರ ಅಂಗಡಿಗಳ ಪೂರ್ತಿ ಪಟ್ಟಿ ಇದೆ. ಅದನ್ನೇ ಚೆನ್ನಾಗಿ ಬರೆದರೆ ಸಾಲದಾ? ಪೊಂಪೇಯಲ್ಲೂ ಕಟ್ಟೆ ಇಟ್ಟುಕೊಂಡು ವ್ಯಾಪಾರ ಮಾಡುವ ಅಂಗಡಿಗಳು ಬೀದಿ ಕೂಡುವ ಮೂಲೆಗಳಲ್ಲೇ ಜಾಸ್ತಿ ಸಿಕ್ಕಿವೆ. ಮೂಲೆ ಅಂದರೇ ವ್ಯಾಪಾರ.

ಮಹಡಿಮೆಟ್ಟಿಲು:
ಅಂಗಡಿಬೀದಿ ಅವರೇ, ನಿಮ್ಮ ಮಾತಲ್ಲಿ ಹುರುಳಿದೆ. ಆದರೆ ಒಪ್ಪಲ್ಲ. ಜನ ನೆನಪಿಟ್ಟುಕೊಂಡಿದ್ದನ್ನು ಮಾತ್ರ ಬರೆದರೆ ಬೋರ್ಡು ಹಾಕಿಕೊಂಡವರ ಇತಿಹಾಸ ಅಷ್ಟೇ ಉಳಿಯುತ್ತದೆ. ಬೋರ್ಡು ಇಲ್ಲದವರು ಅದೇ ಕಟ್ಟಡದಲ್ಲಿ ಜಾಸ್ತಿ ಜನ ಇದ್ದರು, ಜಾಸ್ತಿ ಕಾಲ ಇದ್ದರು.

ನ್ಯೂಯಾರ್ಕಿನ ಆರ್ಚರ್ಡ್ ಬೀದಿಯ 97ನೇ ನಂಬರಿನ ಕಟ್ಟಡ ನೋಡಿ. ಅದು ಮೂಲೆಯದ್ದಲ್ಲ, ಆದರೆ ಇದೇ ಜಾತಿಯದು. 1863ರಲ್ಲಿ ಕಟ್ಟಿದ್ದು, ಕೆಳಗೆ ಅಂಗಡಿ, ಮೇಲೆ ವಲಸೆ ಬಂದವರ ಮನೆಗಳು. ಕಾನೂನು ಕೇಳಿದ ರಿಪೇರಿ ಮಾಡಿಸುವ ಬದಲು ಮಾಲೀಕರು 1935ರಲ್ಲಿ ಮೇಲಿನ ಮನೆಗಳನ್ನು ಖಾಲಿ ಮಾಡಿಸಿ ಮುಚ್ಚಿದರು. ಕೆಳಗೆ ಅಂಗಡಿಗಳು ನಡೆಯುತ್ತಲೇ ಇದ್ದವು. ಆಮೇಲಿನ ಅರ್ಧ ಶತಮಾನ ಬೀದಿಯಲ್ಲಿ ಹೋಗುವವರಿಗೆ ಕಂಡದ್ದು ಬರೀ ಅಂಗಡಿ. 1988ರಲ್ಲಿ ಮ್ಯೂಸಿಯಂ ಕಟ್ಟಲು ಹೊರಟವರು ಮೇಲೆ ಹತ್ತಿ ನೋಡಿದಾಗ ಗೋಡೆಯಲ್ಲಿ ಬಣ್ಣದ ಮೇಲೆ ಬಣ್ಣ, ಕಾಗದದ ಮೇಲೆ ಕಾಗದ ಹಾಗೇ ಇತ್ತು. ಈಗ ಜನ ಆ ಮ್ಯೂಸಿಯಂಗೆ ಹೋಗೋದು ಮುಖ್ಯವಾಗಿ ಮೇಲೆ ಬಾಳಿದ ಕುಟುಂಬಗಳ ಕಥೆ ಕೇಳಲು. ಕೆಳಗಿನ ಅಂಗಡಿಯ ಕಥೆಯನ್ನೂ ಅಲ್ಲಿ ಹೇಳುತ್ತಾರೆ. ಎರಡೂ ಸೇರಿದರೇ ಅದು ಆ ಕಟ್ಟಡ.

ಅಂಗಡಿಬೀದಿ:
ಈ ಉದಾಹರಣೆ ಚೆನ್ನಾಗಿದೆ, ಒಪ್ಪುವಂಥದ್ದೇ. ಆದರೆ ಮೇಲಿನವರ ಹೆಸರು ಸಿಗುವ ದಾರಿ ಯಾವುದು? ಅಂಗಡಿಯಾದರೆ ಜಾಹೀರಾತು ಇದೆ. ಬಾಡಿಗೆ ಮನೆಯವರದ್ದು ಏನಿರುತ್ತೆ?

ಹಳೇನಕ್ಷೆ:
ಜನಗಣತಿ ಇರುತ್ತದೆ. ಕೆಲವು ದೇಶಗಳಲ್ಲಿ ಮನೆ ಮನೆಯ ಗಣತಿ ಹಾಳೆಗಳನ್ನು ಇಷ್ಟು ವರ್ಷದ ಮೇಲೆ ತೆರೆಯುತ್ತಾರೆ. ಅಮೆರಿಕದಲ್ಲಿ 72 ವರ್ಷ, 1950ರ ಗಣತಿ 2022ರಲ್ಲಿ ತೆರೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1921ರ ಗಣತಿ ಕೂಡ 2022ರಲ್ಲೇ ಬಂತು. ಜೊತೆಗೆ ಮತದಾರರ ಪಟ್ಟಿ, ತೆರಿಗೆ ಪುಸ್ತಕ, ಕ್ರಯಪತ್ರ. ಕಟ್ಟಡ ಮಾರಾಟವಾದಾಗ ಬರೆದ ಪತ್ರದಲ್ಲಿ ಬಾಡಿಗೆದಾರರ ಪಟ್ಟಿಯನ್ನೇ ಸೇರಿಸಿರುವುದುಂಟು.

ಗಣತಿ ಹಾಳೆ ಓದುವಾಗ ಒಂದು ಎಚ್ಚರ. ಅದರಲ್ಲಿರುವ ಕ್ರಮಸಂಖ್ಯೆ ಮನೆ ನಂಬರ್ ಅಲ್ಲ. ಗಣತಿದಾರ ಬೀದಿಯಲ್ಲಿ ನಡೆದು ಮೂಲೆ ತಿರುಗುತ್ತಾನೆ. ಹಾಗಾಗಿ ನಿಮ್ಮ ಕಟ್ಟಡದ ಅಂಗಡಿ ಭಾಗ ಒಂದು ಬೀದಿಯ ಕೊನೆಯಲ್ಲಿ, ಮನೆ ಭಾಗ ಮುಂದಿನ ಬೀದಿಯ ಮೊದಲಲ್ಲಿ ಬರಬಹುದು. ಎರಡು ಪುಟದ ನಡುವಿನ ಆ ಜಾಗದಲ್ಲೇ ಹುಡುಕಿ.

ಮೂಲೆಗಲ್ಲು:
ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಗಿ ಮತ್ತೆ ನೋಡಿಕೊಂಡು ಬಂದೆ. ಓರೆ ಇರುವುದು ಕೆಳಗೆ ಮಾತ್ರ. ಮೇಲೆ ಮೂಲೆ ಚೂಪಾಗಿ ಮುಂದೆ ಬಂದಿದೆ, ಅದನ್ನು ಹೊತ್ತಿರೋದು ಒಂದೇ ದುಂಡು ಕಬ್ಬಿಣದ ಕಂಬ. ಪಕ್ಕದ ರಸ್ತೆಯಲ್ಲಿ ಕರೆಂಟ್ ಮೀಟರ್ ಪೆಟ್ಟಿಗೆಗಳ ಹಿಂದೆ ಒಂದು ಕಿರಿದಾದ ಬಾಗಿಲ ಚೌಕಟ್ಟು ಇದೆ. ಈಗ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಗಿಲಾವಿನಲ್ಲಿ ಅದರ ಕಮಾನು ಸ್ಪಷ್ಟ ಕಾಣುತ್ತೆ. ಮೇಲಿನ ಮಹಡಿಗಳಿಗೆ ಈಗ ದಾರಿ ಮೂಲೆ ಅಂಗಡಿಯ ಒಳಗಿಂದ. ಮೇಲೆ ಈಗ ಯಾರೂ ವಾಸವಿಲ್ಲ, ಗೋದಾಮು. ಇದನ್ನು ಹೇಗೆ ಓದೋದು?

ಮಹಡಿಮೆಟ್ಟಿಲು:
ನಿಮ್ಮ ಕಥೆಯ ಅರ್ಧ ಸಿಕ್ಕಿತು ಅನ್ನಿ! ಮುಚ್ಚಿದ ಆ ಬಾಗಿಲೇ ಮನೆಗಳ ಬಾಗಿಲಾಗಿರಬೇಕು. ಎಷ್ಟೋ ಊರುಗಳಲ್ಲಿ ಹೀಗೇ ನಡೆದಿದೆ. ಅಂಗಡಿಗೆ ಇನ್ನಷ್ಟು ಅಗಲ ಬೇಕಾಗುತ್ತದೆ. ಮೆಟ್ಟಿಲಿನ ಜಾಗವನ್ನು ಅಂಗಡಿಗೆ ಸೇರಿಸಿಕೊಳ್ಳುತ್ತಾರೆ. ಬೇರೆ ದಾರಿ ಇಲ್ಲದ ಮೇಲೆ ಮೇಲಿನ ಮನೆಯನ್ನು ಬಾಡಿಗೆಗೆ ಕೊಡಲಾಗಲ್ಲ. ಮನೆ ಗೋದಾಮಾಗುತ್ತದೆ. ಅಂಗಡಿಯೊಂದರ ಬಾಡಿಗೆಯೇ ಸಾಕು ಅಂತಾದಾಗ ಮಾಲೀಕರಿಗೂ ಮೇಲಿನ ಸೂರು ರಿಪೇರಿ ಮಾಡಿಸುವ ತುರ್ತು ಇರಲ್ಲ. ಮನೆ ಇಲ್ಲದೆ ಜನ ಒದ್ದಾಡುವ ಊರಲ್ಲೇ ಅಂಗಡಿಗಳ ಮೇಲೆ ಕೋಣೆಗಳು ಖಾಲಿ ಬಿದ್ದಿರೋದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆ ಬಾಗಿಲು ಮುಚ್ಚಿದ ವರ್ಷ ಹುಡುಕಿ. ಅಂಗಡಿ ವಿಸ್ತರಣೆಗೆ ಕೊಟ್ಟ ಅರ್ಜಿ, ಅದರ ಜೊತೆಯ ನಕ್ಷೆ ಕಟ್ಟಡ ಪರವಾನಗಿ ಕಡತದಲ್ಲಿ ಇರಬಹುದು.

ಕಂಬತೊಲೆ:
ಇದರ ಹಿಂದೆ ಕಾನೂನಿನ ಕೈಯೂ ಇರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1926ರ ಯೂಕ್ಲಿಡ್ ತೀರ್ಪಿನಲ್ಲಿ ವಲಯ ನಿಯಮವನ್ನು, ಅಂದರೆ ಊರಿನ ಯಾವ ಭಾಗದಲ್ಲಿ ಏನು ಕಟ್ಟಬಹುದು ಅನ್ನೋ ನಿಯಮವನ್ನು, ಎತ್ತಿಹಿಡಿಯಿತು. ಮನೆ ಇರುವ ಕಡೆ ಅಂಗಡಿ ಬೇಡ ಅನ್ನೋ ನಿಯಮಗಳು ಆಮೇಲೆ ಎಲ್ಲೆಡೆ ಹರಡಿದವು. ಇದ್ದ ಮೂಲೆ ಅಂಗಡಿಗಳು ಉಳಿದವು, ಹೊಸದಾಗಿ ಕಟ್ಟೋದು ಕಷ್ಟವಾಯಿತು. ಸಿಂಗಾಪುರದಲ್ಲಿ ಬಾಡಿಗೆ ನಿಯಂತ್ರಣ 1947ರಿಂದ 2001ರವರೆಗೆ ಇತ್ತು. ಬಾಡಿಗೆದಾರರು ಬೀದಿಗೆ ಬೀಳಲಿಲ್ಲ, ಅದು ದೊಡ್ಡ ವಿಷಯ. ಬಾಡಿಗೆ ಏರದ ಕಾರಣ ಮಾಲೀಕರು ರಿಪೇರಿ ಕಡೆ ಗಮನ ಕೊಡಲಿಲ್ಲ, ಅದೂ ನಿಜ. ನಿಮ್ಮ ಕಟ್ಟಡ ಇರುವ ಕಡೆ ಯಾವ ನಿಯಮ ಯಾವ ವರ್ಷ ಬಂತು ಅಂತ ಒಂದು ಸಾಲಿನಲ್ಲಿ ಬರೆದು, ಪಕ್ಕದಲ್ಲಿ ನಿಮ್ಮ ಅಂಗಡಿಗಳ ಪಟ್ಟಿ ಇಡಿ. ಬದಲಾವಣೆ ಯಾಕಾಯಿತು ಅನ್ನೋದು ತಾನಾಗೇ ಕಾಣುತ್ತೆ.

ಇನ್ನೊಂದು, ಕಂಬದ ಹತ್ತಿರ ಪಾದಚಾರಿ ದಾರಿಯಲ್ಲಿ ಗಾಜಿನ ಬಿಲ್ಲೆಗಳು ಕೂಡಿಸಿದ ಕಬ್ಬಿಣದ ಚೌಕಟ್ಟು ಏನಾದರೂ ಇದೆಯಾ? ನೆಲಮಾಳಿಗೆಗೆ ಬೆಳಕು ಬಿಡುವ ಈ ವಿಧಾನಕ್ಕೆ ಥ್ಯಾಡಿಯಸ್ ಹಯಾಟ್ 1845ರಲ್ಲಿ ಪೇಟೆಂಟ್ ಪಡೆದರು. ಗಾಜು ನೇರಳೆ ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಆಗಿನ ಗಾಜಿಗೆ ಹಾಕುತ್ತಿದ್ದ ಮ್ಯಾಂಗನೀಸ್ ಬಿಸಿಲಿಗೆ ಹಾಗಾಗುತ್ತದೆ.

ಮೂಲೆಗಲ್ಲು:
ಗಾಜಿನ ಬಿಲ್ಲೆ ಕಾಣಲಿಲ್ಲ ಸರ್. ಕಂಬದ ಬುಡಕ್ಕೆ ಬಣ್ಣ ದಪ್ಪಗಿದೆ, ಅಂಗಡಿಯವರ ಒಪ್ಪಿಗೆ ತೆಗೆದುಕೊಂಡು ಉಜ್ಜಿ ನೋಡ್ತೀನಿ. ಒಂದು ಆಸೆ ಇದೆ. ಮೇಲೆ ಮತ್ತೆ ಜನ ವಾಸ ಮಾಡುವ ಹಾಗಾದರೆ ಎಷ್ಟು ಚೆನ್ನ. ಹಾಗೆ ಉಳಿಸಿಕೊಂಡ ಮೂಲೆ ಕಟ್ಟಡ ಎಲ್ಲಾದರೂ ಇದೆಯಾ?

ಹಳೇನಕ್ಷೆ:
ವಾಸಕ್ಕೆ ಅಲ್ಲದಿದ್ದರೂ ಬಳಕೆಗೆ ಉಳಿಸಿಕೊಂಡದ್ದು ಹಾಂಗ್‌ಕಾಂಗಿನ ಲುಯಿ ಸೆಂಗ್ ಚುನ್. ಎರಡು ರಸ್ತೆ ಸೇರುವ ಚೂಪು ಜಾಗದಲ್ಲಿ 1931ರಲ್ಲಿ ಕಟ್ಟಿದ್ದು. ಮುಂಭಾಗ ದುಂಡಾಗಿ ತಿರುಗುತ್ತದೆ, ಪ್ರತಿ ಮಹಡಿಗೂ ಅಗಲ ವರಾಂಡ. ಕೆಳಗೆ ಔಷಧಿ ಅಂಗಡಿ, ಮೇಲೆ ಅದೇ ಕುಟುಂಬದ ವಾಸ. ಅಂಗಡಿಯ ಹೆಸರನ್ನು ಕಟ್ಟಡದ ನೆತ್ತಿಯ ಮೇಲೇ ಕೂರಿಸಿದ್ದಾರೆ. ಆಮೇಲೆ ಬಾಡಿಗೆದಾರರು ಬಂದರು, ಹೋದರು, ಬಹಳ ವರ್ಷ ಖಾಲಿ ಬಿತ್ತು. 2003ರಲ್ಲಿ ಕುಟುಂಬದವರು ಸರ್ಕಾರಕ್ಕೆ ದಾನ ಕೊಟ್ಟರು. 2012ರಿಂದ ಅಲ್ಲಿ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯದ ಚೀನೀ ವೈದ್ಯ ಚಿಕಿತ್ಸಾಲಯ ನಡೆಯುತ್ತಿದೆ. ಔಷಧಿ ಮಾರಿದ ಕಟ್ಟಡದಲ್ಲಿ ಮತ್ತೆ ಔಷಧಿ!

ಅಂಗಡಿಬೀದಿ:
ಮೂಲೆಗಲ್ಲು ಅವರೇ, ಒಂದು ಸಲಹೆ. ಮೇಲಿದ್ದ ಕುಟುಂಬಗಳ ಹಿರಿಯರು ಯಾರಾದರೂ ಸಿಕ್ಕರೆ ಮೊದಲು ಅವರನ್ನು ಮಾತಾಡಿಸಿ. ಕಾಗದ ಇನ್ನೊಂದು ವರ್ಷ ಕಾಯುತ್ತೆ. ಮುಚ್ಚಿದ ಬಾಗಿಲ ಫೋಟೋ ತೋರಿಸಿ, ಅಲ್ಲಿಂದ ಹತ್ತಿದರೆ ಮೊದಲು ಸಿಗುತ್ತಿದ್ದ ಮನೆ ಯಾರದು ಅಂತ ಕೇಳಿ. ಬದುಕಿರುವವರ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ನಿಮ್ಮ ಅಂಗಡಿಗಳ ಪಟ್ಟಿಯನ್ನು ವರ್ಷದ ಸಮೇತ ಇಲ್ಲಿ ಹಾಕಿ, ಜಾಹೀರಾತಿನಿಂದ ಇಸವಿ ಹೊಂದಿಸಲು ನಾನು ಸಹಾಯ ಮಾಡ್ತೀನಿ. ಮೂಲೆ ಅಂಗಡಿ ಯಾವ ವರ್ಷ ದೊಡ್ಡದಾಯಿತು ಅಂತ ಸಿಕ್ಕರೆ, ಬಾಗಿಲು ಮುಚ್ಚಿದ ವರ್ಷವೂ ಅದರ ಆಸುಪಾಸಿನಲ್ಲೇ ಇರುತ್ತೆ.

ಮೂಲೆಗಲ್ಲು:
ಖಂಡಿತ. ಪಕ್ಕದ ರಸ್ತೆಯ ಹೆಸರಿನಲ್ಲಿ ನಾನು ಇದುವರೆಗೆ ಹುಡುಕಿರಲಿಲ್ಲ, ನಾಳೆಯಿಂದ ಅದೇ ಮೊದಲ ಕೆಲಸ. ಪಟ್ಟಿಯನ್ನು ಇವತ್ತು ರಾತ್ರಿ ಹಾಕ್ತೀನಿ, ಕಂಬದ ಫೋಟೋ ಜೊತೆಗೆ.